ಯಾರೂ ಊಟ ಮುಗಿಸದ ಮನೆ

ಆ ಸೋಮವಾರದಿಂದ ‘ಎಂಟು ಕಂಬದ ಮನೆ’ ಧಾರಾವಾಹಿಯ ದೊಡ್ಡವ್ವ ನೋಡುವವರಿಗೆ ‘ಉಣ್ಣು’ ಎನ್ನುವಂತಿರಲಿಲ್ಲ. ‘ಬಾ’, ‘ಕೂತ್ಕೋ’, ‘ಮಲಕ್ಕೋ’ ಯಾವುದನ್ನೂ ಅನ್ನುವಂತಿರಲಿಲ್ಲ. ‘ನಾಳೆ ಬರ್ತೀನಿ’ ಎಂದಂತೂ ಬಾಯಿ ತಪ್ಪಿಯೂ ಅನ್ನುವಂತಿರಲಿಲ್ಲ. ಮೇಲ್ವಿಚಾರಕ ಫಯಾಜ್ ಮೇಲಿನಿಂದ ಬಂದ ಆದೇಶದ ಹಾಳೆಯನ್ನು ಗೋಡೆಗೆ ಅಂಟಿಸಿ, ಅಂಟು ಕೂರಲೆಂದು ಅಂಗೈಯಿಂದ ಎರಡು ಸಲ ಒತ್ತಿ, ಹನುಮಕ್ಕನ ಕಡೆ ತಿರುಗಿದ.

“ಓದ್ಕೊಂಡ್ರಾ ಅಕ್ಕ?”

“ಓದಿದೆ ಸಾರ್. ದೊಡ್ಡವ್ವನ ಬಾಯಿಗೆ ಬೀಗ ಹಾಕ್ದಂಗಾಯ್ತು.”

“ಬೀಗ ಏನಲ್ಲ. ಎಷ್ಟು ಬೇಕಾದ್ರೂ ಮಾತಾಡಲಿ. ನೋಡೋರಿಗೆ ಇಂಥದ್ದು ಮಾಡು ಅಂತ ಹೇಳ್ಬಾರ್ದು, ಇಂಥದ್ದು ಮಾಡ್ತೀನಿ ಅಂತ ಮಾತು ಕೊಡ್ಬಾರ್ದು. ಅಷ್ಟೆ.”

“ಅವೆರಡೂ ಬಿಟ್ರೆ ವಯಸ್ಸಾದೋರು ಇನ್ನೇನ್ ಮಾತಾಡ್ತಾರೆ ಸಾರ್?”

ಫಯಾಜ್ ನಕ್ಕು ತನ್ನ ಕೋಣೆಗೆ ಹೋದ. ಶಿರಾ ಕಡೆಯವನು, ಒಳ್ಳೆಯವನು. ಆದರೆ ಯಾವಾಗಲೂ ಬಸ್ಸು ತಪ್ಪಿಹೋಗುವ ಗಡಿಬಿಡಿಯಲ್ಲಿರುವವನಂತೆ ಓಡಾಡುತ್ತಿದ್ದ. ಹನುಮಕ್ಕ ಕನ್ನಡಕ ಸರಿಮಾಡಿಕೊಂಡು ಪರದೆಯ ಮುಂದೆ ಕೂತಳು. ಅವಳಿಗೀಗ ಅರವತ್ತೊಂದು.

ತುಮಕೂರಿನ ಹೊರಗೆ, ರಿಂಗ್ ರೋಡಿನ ಪಕ್ಕದಲ್ಲಿದ್ದ ಆ ಮೂರಂತಸ್ತಿನ ಕಟ್ಟಡವನ್ನು ಎಲ್ಲರೂ ಮಾತಿನ ಕೇಂದ್ರ ಎನ್ನುತ್ತಿದ್ದರು. ಅಲ್ಲಿಂದ ಹೊರಟ ಮಾತು ಸಂಜೆ ಏಳೂವರೆಗೆ ನಲವತ್ತು ಸಾವಿರ ಮನೆ ಮುಟ್ಟುತ್ತಿತ್ತು. ಎಲ್ಲವೂ ಒಬ್ಬೊಬ್ಬರೇ ಇರುವ ಮನೆಗಳು. ಆ ಮನೆಗಳಲ್ಲಿ ಟೀವಿಯ ಪಕ್ಕ ಸಕ್ಕರೆ ಡಬ್ಬಿಯಷ್ಟು ದಪ್ಪದ ಒಂದು ಪೆಟ್ಟಿಗೆ ಇರುತ್ತಿತ್ತು. ಕಂಪನಿ ಅದಕ್ಕೆ ದೊಡ್ಡ ಹೆಸರೇನೋ ಇಟ್ಟಿತ್ತು; ಜನ ಮಾತ್ರ ‘ಹೂಂಗುಟ್ಟೋ ಡಬ್ಬಿ’ ಎಂದರು, ಆ ಹೆಸರೇ ನಿಂತಿತು. ಕಥೆ ಹೇಳುವವರಿಗೆ ಎದುರಿಗೊಬ್ಬರು ಹೂಂಗುಟ್ಟಬೇಕಲ್ಲ, ಈ ಡಬ್ಬಿ ನೋಡುವವರ ಹೂಂ ಹಿಡಿದು ಕಥೆಯೊಳಗಿನವರಿಗೆ ಮುಟ್ಟಿಸುತ್ತಿತ್ತು.

ಚಿತ್ರ ಎಲ್ಲ ಮನೆಗೂ ಒಂದೇ. ಆರು ವರ್ಷದ ಹಿಂದೆಯೇ ಚಿತ್ರೀಕರಣ ಮುಗಿದು, ನಟರೆಲ್ಲ ಅವರವರ ದಾರಿ ಹಿಡಿದಿದ್ದರು. ಅವರ ದನಿಯನ್ನೂ ತುಟಿ ಆಡುವ ಬಗೆಯನ್ನೂ ಯಂತ್ರ ಕಲಿತಿಟ್ಟುಕೊಂಡಿತ್ತು. ಹಾಗಾಗಿ ಮಾತು ಮಾತ್ರ ಮನೆಗೊಂದು ಥರ. ದಿನಾ ಕಂತಿನ ಕೊನೆಯಲ್ಲಿ ದೊಡ್ಡವ್ವ ದೀಪ ಹಚ್ಚಿ, ಕಂಬಕ್ಕೆ ಒರಗಿ ಕೂತು, ನೋಡುವವರ ಕಡೆ ಮುಖ ತಿರುಗಿಸುತ್ತಿದ್ದಳು. “ಮಂಡಿ ನೋವು ಹೆಂಗೈತೆ ಇವತ್ತು?” ಎಂದು ಕೇಳುತ್ತಿದ್ದಳು. “ಇದ್ದಂಗೇ ಐತೆ” ಎಂದರೆ ಮಾರನೇ ದಿನಕ್ಕೂ ಅದನ್ನು ನೆನಪಿಟ್ಟುಕೊಂಡಿರುತ್ತಿದ್ದಳು. ಡಬ್ಬಿ ಆ ಮನೆಯ ಸದ್ದುಗಳನ್ನೂ ಗುರುತು ಹಿಡಿಯುತ್ತಿತ್ತು: ನಲ್ಲಿ, ಹೆಜ್ಜೆ, ಕೆಮ್ಮು, ಪಾತ್ರೆಯ ಮುಚ್ಚಳ, ತಟ್ಟೆ. ಮರುದಿನ ಬೆಳಗ್ಗೆ ಅವೆಲ್ಲ ಒಂದೊಂದು ಮನೆಗೆ ಒಂದೊಂದು ಗೆರೆಯಾಗಿ ಕೇಂದ್ರಕ್ಕೆ ಬಂದಿರುತ್ತಿದ್ದವು. ಗೆರೆಯ ಪಕ್ಕ ಮನೆಯ ನಂಬರು. ಹೆಸರಿಲ್ಲ, ಊರಿಲ್ಲ.

ಹನುಮಕ್ಕ ಮೊದಲು ಅಲ್ಲಿ ಕ್ಯಾಂಟೀನಿನಲ್ಲಿದ್ದಳು. ಒಂದು ದಿನ ಟೀ ಕೊಡಲು ಒಳಗೆ ಹೋದಾಗ ಪರದೆಯ ಮೇಲಿನ ಅತ್ತೆ ಸೊಸೆಗೆ “ನೀನು ಈಗ ಒಳಗೆ ಹೋಗಬೇಕಾಗಿದೆ” ಎಂದಳು. ಹನುಮಕ್ಕ ಟ್ರೇ ಹಿಡಿದೇ ನಕ್ಕುಬಿಟ್ಟಳು. “ಯಾವ ಅತ್ತೆ ಹಂಗಂತಾಳೆ ಸಾರ್? ‘ಇನ್ನೂ ಇಲ್ಲೇ ನಿಂತಿದೀಯಲ್ಲ’ ಅಂತಾಳೆ. ಸೊಸೆ ತಾನಾಗೇ ಒಳಕ್ಕೋಯ್ತಾಳೆ.” ಕನ್ನಡ ಎಂ.ಎ. ಮಾಡಿದ ನಾಲ್ಕು ಜನ ತಿಂಗಳಿಂದ ಹುಡುಕುತ್ತಿದ್ದದ್ದು ಅದೇ. ಫಯಾಜ್ ಅವಳನ್ನು ಕರೆದು ಕೂರಿಸಿ ಅವತ್ತಿನ ಮಾತೆಲ್ಲ ಕೇಳಿಸಿದ. ಅವಳಿಗೆ ಓದಲು ಬರುತ್ತದೆ ಎಂದು ಗೊತ್ತಾದ ಮೇಲೆ ಟ್ರೇ ಬೇರೆಯವರ ಕೈಗೆ ಹೋಯಿತು. ನಲವತ್ತೆಂಟನೇ ವಯಸ್ಸಿಗೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ಹೀಗೆ ಕೆಲಸಕ್ಕೆ ಬಂತು.

ಅವಳ ಕೆಲಸ ಕ್ರಿಯಾಪದ ನೋಡುವುದು. ಯಂತ್ರಕ್ಕೆ ಬೇರೆಲ್ಲ ಬರುತ್ತಿತ್ತು, ವಾಕ್ಯದ ಕಡೆಗೆ ಬಂದಾಗ ಎಡವುತ್ತಿತ್ತು. ಅಪ್ಪ ಸತ್ತ ಮನೆಯಲ್ಲಿ ನಾದಿನಿ ‘ಬಂದ್ಯಾ’ ಅನ್ನಬೇಕೋ, ‘ಬಂದ್ರಾ’ ಅನ್ನಬೇಕೋ, ಏನೂ ಅನ್ನದೆ ಸುಮ್ಮನೆ ಚಾಪೆ ಹಾಸಬೇಕೋ ಅದಕ್ಕೆ ತಿಳಿಯುತ್ತಿರಲಿಲ್ಲ. ಮೂರು ವರ್ಷ ಕೇಳಿ ಕೇಳಿ ಹನುಮಕ್ಕನಿಗೆ ಧಾರಾವಾಹಿಯವರ ಒಂದು ಗುಟ್ಟು ಗೊತ್ತಾಗಿತ್ತು. ಅವರು ಏನನ್ನೂ ಮಾಡಿ ಮುಗಿಸುವವರಲ್ಲ. ಕೆಟ್ಟವಳು ಯಾವಾಗಲೂ ‘ಮಾಡ್ತೀನಿ ನೋಡ್ತಿರು’. ಒಳ್ಳೆಯವಳು ಯಾವಾಗಲೂ ‘ಹೇಗೆ ಹೇಳಲಿ’. ಗಂಡಸರು ‘ಬಿಡಲ್ಲ’. ಮಾಡಿದೆ, ಮುಗಿಸಿದೆ, ಸಾಕು ಎನ್ನುವ ಮಾತು ನೂರು ಕಂತಿಗೊಂದು ಸಿಕ್ಕರೆ ಹೆಚ್ಚು. ಮುಗಿದರೆ ನಾಳೆ ಯಾರು ನೋಡುತ್ತಾರೆ?

ಆದೇಶ ಬಂದದ್ದಕ್ಕೂ ಕಾರಣವಿತ್ತು. ಎಲ್ಲೋ ಒಂದೂರಿನಲ್ಲಿ ಒಬ್ಬ ಮುದುಕನಿಗೆ ಧಾರಾವಾಹಿಯ ಹಿರಿಮಗ “ನಾಳೆ ಬರ್ತೀನಿ, ಸರ್ಕಲ್ ಹತ್ರ ನಿಂತಿರಿ” ಎಂದಿದ್ದನಂತೆ. ಮುದುಕ ಒಗೆದ ಪಂಚೆ ಉಟ್ಟು ಹೋಗಿ ನಿಂತ. ಸಂಜೆ ಮಳೆ ಬಂತು, ಕದಲಲಿಲ್ಲ. ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಹನುಮಕ್ಕ ಆ ಸುದ್ದಿ ಓದಿದ ದಿನ ಊಟ ಮಾಡಿರಲಿಲ್ಲ. ಅಂಥ ವಾಕ್ಯಗಳನ್ನು ‘ಸರಿ ಇದೆ’ ಎಂದು ದಾಟಿಸಿದವರಲ್ಲಿ ತಾನೂ ಒಬ್ಬಳಲ್ಲವೇ ಎಂದು ಅನ್ನಿಸಿತ್ತು. ಹಾಗಾಗಿ ಆದೇಶದ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಆ ಸೋಮವಾರ ಕೂತ ಜಾಗದಿಂದ ಏಳದೆ ಮುನ್ನೂರು ಮನೆಯ ಮಾತಿನಿಂದ ‘ಬಾ’, ‘ಹೋಗು’, ‘ತಿನ್ನು’ಗಳನ್ನು ಹೀರೇಕಾಯಿಯ ಏಣು ಹೆರೆದಂತೆ ಹೆರೆದು ಹಾಕಿದಳು.

ಕೈ ನಿಂತದ್ದು ಒಂದೇ ಮನೆಗೆ. ನಂಬರು ನಾಲ್ಕು ಸಾವಿರದ ನೂರ ಹದಿನೇಳು; ಹನುಮಕ್ಕನಿಗೆ ಬರೀ ‘ನೂರ ಹದಿನೇಳು’.

ಆ ಮನೆಯನ್ನು ಅವಳು ಎರಡು ವರ್ಷದಿಂದ ಬಲ್ಲಳು. ಅಲ್ಲಿ ಒಬ್ಬ ಹೆಂಗಸಿದ್ದಾಳೆ, ವಯಸ್ಸಾಗಿದೆ, ಬಲಗಾಲು ಎಳೆದು ನಡೆಯುತ್ತಾಳೆ, ಮಾತು ಬಹಳ ಕಡಿಮೆ ಎನ್ನುವಷ್ಟು ಗೆರೆಯಿಂದಲೇ ತಿಳಿದಿತ್ತು. ದಿನಾ ಸಂಜೆ ದೊಡ್ಡವ್ವ “ಹೊತ್ತಾಯ್ತು, ಏಳು, ಉಣ್ಣೋಗು” ಎನ್ನುತ್ತಿದ್ದಂತೆ ಆ ಮನೆಯಲ್ಲಿ ಕಾಲೆಳೆಯುವ ಹೆಜ್ಜೆ, ಮುಚ್ಚಳದ ಸದ್ದು, ತಟ್ಟೆಯ ಸದ್ದು, ಕಡೆಗೆ ನೀರು. ಒಂದು ದಿನವೂ ತಪ್ಪಿರಲಿಲ್ಲ. ಬೆಳಗ್ಗೆ ಒಂದು ಲೋಟದ ಸದ್ದು ಬಿಟ್ಟರೆ ದಿನಕ್ಕೆ ಅದೊಂದೇ ಊಟ. ಬೆಳಗ್ಗೆ ಕೆಲಸಕ್ಕೆ ಬಂದ ತಕ್ಷಣ ಹನುಮಕ್ಕ ಮೊದಲು ನೋಡುತ್ತಿದ್ದದ್ದೂ ಅದೇ ಗೆರೆಯನ್ನು. ತಟ್ಟೆಯ ಗುರುತು ಕಂಡ ಮೇಲೆ ತನ್ನ ಬ್ಯಾಗನ್ನು ಮೊಳೆಗೆ ಹಾಕುತ್ತಿದ್ದಳು.

ಆ ‘ಉಣ್ಣೋಗು’ ಅನ್ನೂ ಅವಳೇ ತೆಗೆದಳು. ಅದರ ಜಾಗಕ್ಕೆ ಯಂತ್ರ ಕೊಟ್ಟದ್ದು: “ಊಟದ ಹೊತ್ತಾಯ್ತು. ನಮ್ಮನೇಲಿ ಇವತ್ತು ಮುದ್ದೆ, ಹುರುಳಿಕಾಳಿನ ಸಾರು. ನೋಡು, ಎಲ್ಲಾರೂ ಕೂತಿದೀವಿ.” ‘ನೋಡು’ ಅನ್ನೂ ತೆಗೆದಳು. ಜೊತೆಗೆ ಕಂತಿನ ಕೊನೆಗೆ, ಆಯಾ ಮನೆಗೆ ಬೇಕಾದಷ್ಟು ಉದ್ದಕ್ಕೆ ಹಳೆಯ ಕಂತುಗಳಿಂದ ಆಯ್ದು, ಎಂಟು ಕಂಬದ ಮನೆಯವರು ಸಾಲಾಗಿ ಕೂತು ಉಣ್ಣುವ ದೃಶ್ಯ. ಹೇಳುವುದು ಬೇಡ, ತೋರಿಸಿದರೆ ಸಾಕು, ಎದುರಿಗೆ ಉಣ್ಣುವವರಿದ್ದರೆ ನೋಡುವವರೂ ತಾವಾಗಿ ಉಣ್ಣುತ್ತಾರೆ ಎಂದು ಫಯಾಜನ ಲೆಕ್ಕಾಚಾರ. ನೂರು ಮನೆಯಲ್ಲಿ ಪ್ರಯೋಗ ಮಾಡಿ ಎಂಬತ್ತೊಂಬತ್ತರಲ್ಲಿ ಗೆದ್ದಿದ್ದ.

ಮಂಗಳವಾರ ಬೆಳಗ್ಗೆ ನೂರ ಹದಿನೇಳರ ಗೆರೆಯಲ್ಲಿ ತಟ್ಟೆ ಇರಲಿಲ್ಲ.

ಹೆಜ್ಜೆ ಇತ್ತು. ಅಡುಗೆಮನೆಗೆ ಹೋಗಿ ಬಂದದ್ದು, ಮತ್ತೆ ಹೋಗಿ ಬಂದದ್ದು. ಮುಚ್ಚಳ ತೆಗೆದದ್ದು, ಮುಚ್ಚಿದ್ದು. ಆಮೇಲೆ ಏನೂ ಇಲ್ಲ. ಯಂತ್ರ ಪಕ್ಕದಲ್ಲಿ ಬರೆದಿತ್ತು: ‘ಹಸಿವು ಕಡಿಮೆ. ಊಟದ ದೃಶ್ಯ ಹೆಚ್ಚಿಸಿದೆ.’

ಬುಧವಾರ ಬೆಳಗ್ಗೆಯೂ ಅದೇ. ಏಳು ನಿಮಿಷವಿದ್ದ ಊಟದ ದೃಶ್ಯವನ್ನು ಯಂತ್ರ ಹದಿನೈದು ನಿಮಿಷ ಮಾಡಿತ್ತು. ಹೆಜ್ಜೆ ಆರು ಸಲ ಹೋಗಿ ಬಂದಿತ್ತು. ಮುಚ್ಚಳ ಆರು ಸಲ. ತಟ್ಟೆ ಇಲ್ಲ. ಬೆಳಗಿನ ಲೋಟದ ಸದ್ದಿನ ಜೊತೆ ಕೆಮ್ಮು ಸೇರಿಕೊಂಡಿತ್ತು.

“ಸಾರ್, ಈ ಮನೆಯೋರು ಎರಡು ದಿನದಿಂದ ಉಂಡಿಲ್ಲ,” ಎಂದಳು ಹನುಮಕ್ಕ.

ಫಯಾಜ್ ಬಗ್ಗಿ ನೋಡಿದ. “ಹುಷಾರಿಲ್ಲ ಅನ್ಸುತ್ತೆ. ಅರ್ಜಿ ಹಾಕ್ತೀನಿ, ಯಾರಾದ್ರೂ ಹೋಗಿ ನೋಡ್ತಾರೆ.”

“ಎಷ್ಟು ದಿನಕ್ಕೆ?”

“ನಂಬರ್‌ಗೆ ವಿಳಾಸ ಬಿಡಿಸ್ಬೇಕಲ್ಲ. ಎಂಟು ದಿನ.”

“ಎಂಟು ದಿನಕ್ಕೆ ಅವ್ರು ಇರ್ಬೇಕಲ್ಲ ಸಾರ್.”

ಫಯಾಜನ ಜೇಬಿನಲ್ಲಿ ಫೋನು ಬಡಿದುಕೊಂಡಿತು, ಅದನ್ನು ತೆಗೆಯುತ್ತ ಹೊರಟುಹೋದ.

ಸಂಜೆ ಹನುಮಕ್ಕ ಉಪ್ಪಾರಹಳ್ಳಿಯ ತನ್ನ ಒಂದು ಕೋಣೆಯ ಮನೆಗೆ ಬಂದಳು. ಬೆಳಗ್ಗೆ ಮಾಡಿಟ್ಟ ಚಿತ್ರಾನ್ನ ಪಾತ್ರೆಯಲ್ಲಿತ್ತು. ದಿನಾ ಮಾಡುವಂತೆ ಅಡುಗೆ ಕಟ್ಟೆಯ ಮುಂದೆ ನಿಂತೇ, ಪಾತ್ರೆಗೇ ಕೈ ಹಾಕಿ ಎರಡು ತುತ್ತು ತಿಂದಳು. ತಟ್ಟೆಗೆ ಹಾಕಿಕೊಂಡು ಕೂತು ಉಂಡು ಎಷ್ಟು ವರ್ಷವಾಯಿತೋ. ಗಂಡ ತೀರಿಕೊಂಡು ಇಪ್ಪತ್ತೆರಡು ವರ್ಷ. ಮಕ್ಕಳಿರಲಿಲ್ಲ. ತನಗೆ ಯಾರಾದರೂ ಕೊನೆಗೆ ‘ಕೂತ್ಕೋ’ ಎಂದದ್ದು ಯಾವಾಗ ಎಂದು ನೆನೆಸಿಕೊಂಡಳು. ಕೇಂದ್ರದಲ್ಲಿ ಎಲ್ಲರೂ ಮರ್ಯಾದೆಯವರೇ. ‘ಇದು ಮುಗೀಬೇಕಿತ್ತು ಅಕ್ಕ’, ‘ಅದು ಆಗ್ಬಹುದಾ ಅಕ್ಕ’ ಎನ್ನುತ್ತಾರೆ. ಬಸ್ಸಿನಲ್ಲಿ ಕಂಡಕ್ಟರು ‘ಮುಂದೆ ಹೋಗಿ’ ಎನ್ನುತ್ತಾನೆ, ಅದು ಬಸ್ಸಿಗೆಲ್ಲ ಹೇಳಿದ್ದು. ತನಗೇ ಅಂತ, ತನ್ನ ಮುಖ ನೋಡಿ, ಕೂತ್ಕೋ, ಉಣ್ಣು, ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಎನ್ನುವವರು ಯಾರೂ ನೆನಪಿಗೆ ಬರಲಿಲ್ಲ. ಊರಿಗೆಲ್ಲ ಮಾತು ತಿದ್ದಿ ಕಳಿಸುವವಳ ಮನೆಯಲ್ಲಿ ಗೋಡೆ ಗಡಿಯಾರ ಒಂದೇ ಸದ್ದು ಮಾಡುತ್ತಿತ್ತು.

ಮೂರನೇ ತುತ್ತು ಬಾಯಿಗಿಟ್ಟಾಗ ಛತ್ರ ನೆನಪಾಯಿತು.

ಅಕ್ಷರ ಕಲಿಯುವ ಮುಂಚೆ ಹತ್ತು ವರ್ಷ ಅವಳು ಮದುವೆ ಛತ್ರಗಳಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಕೆಲಸದ ಹೆಂಗಸರ ಊಟ ಕಡೇ ಪಂಕ್ತಿ ಎದ್ದ ಮೇಲೆ. ಅನ್ನ ಸಾರು ರಾಶಿ ಬಿದ್ದಿದ್ದರೂ ಸರಿ, ಬಂದವರು ಎಲೆಯ ಮುಂದೆ ಕೂತಿರುವಾಗ ಉಣ್ಣುವ ಪದ್ಧತಿ ಇರಲಿಲ್ಲ. ಕಡೇ ಪಂಕ್ತಿಯಲ್ಲಿ ಒಬ್ಬ ಇದ್ದೇ ಇರುತ್ತಿದ್ದ, ಮಜ್ಜಿಗೆ ಅನ್ನ ಕಲಸಿಟ್ಟುಕೊಂಡು ಪಕ್ಕದವನಿಗೆ ಜಮೀನಿನ ವ್ಯಾಜ್ಯ ಹೇಳುವವನು. ಅಡುಗೆಮನೆ ಬಾಗಿಲಲ್ಲಿ ಹನ್ನೆರಡು ಹೆಂಗಸರು ಕುಕ್ಕರುಗಾಲಲ್ಲಿ ಕೂತು ಅವನ ಎಲೆಯನ್ನೇ ನೋಡುತ್ತಿದ್ದರು. ಅವನು ಎದ್ದು ಕೈ ತೊಳೆದನೋ, ಅಡುಗೆ ಗಂಗಣ್ಣ ಕೂಗುತ್ತಿದ್ದ, “ನೀವೂ ಕುತ್ಕಳ್ರಮ್ಮ.”

ಹನುಮಕ್ಕ ಪಾತ್ರೆ ಮುಚ್ಚಿಟ್ಟಳು. ಆ ಮನೆಯಾಕೆಗೆ ಹಸಿವು ಕಡಿಮೆಯಾಗಿಲ್ಲ. ಆಕೆ ಎಲ್ಲೋ ಒಂದು ದೊಡ್ಡ ಮನೆಯ ಸೊಸೆಯಾಗಿದ್ದವಳಿರಬೇಕು. ಎದುರಿಗೆ ಪಂಕ್ತಿ ಕೂರಿಸಿದ್ದಾರೆ. ಅವರು ಏಳಲೆಂದು ಕಾಯುತ್ತಿದ್ದಾಳೆ.

ಗುರುವಾರ ಬೆಳಗ್ಗೆ ಗೆರೆಯಲ್ಲಿ ಮೂರನೇ ದಿನವೂ ತಟ್ಟೆ ಇರಲಿಲ್ಲ. ಹನುಮಕ್ಕ ಬ್ಯಾಗನ್ನು ಮೊಳೆಗೆ ಹಾಕದೆ ನೇರ ಫಯಾಜನ ಮುಂದೆ ಹೋಗಿ ನಿಂತಳು.

“ಸಾರ್, ಅವ್ರನ್ನ ಎಬ್ಬಿಸಿ.”

“ಯಾರನ್ನ?”

“ಎಂಟು ಕಂಬದ ಮನೆಯೋರನ್ನ. ಉಂಡು ಎದ್ದು ಕೈ ತೊಳ್ಕಳ್ಳಿ. ಆಗ ಆಯಮ್ಮ ಉಣ್ತಾಳೆ.” ಛತ್ರದ ಕಥೆಯನ್ನೆಲ್ಲ ಹೇಳಿದಳು.

ಫಯಾಜ್ ತಲೆ ಕೆರೆದುಕೊಂಡ. “ನಮ್ಮಜ್ಜಿನೂ ಹಂಗೇ ಮಾಡ್ತಿದ್ರು. ಮದ್ವೇಲಿ ತಾಟಿಂದ ಎಲ್ರೂ ಎದ್ದ ಮೇಲೇನೆ,” ಎಂದು ಕೀಲಿಗಳನ್ನು ಒತ್ತಿದ. ಊಟ ಮುಗಿಸಿ ಏಳುವ ದೃಶ್ಯ ಹುಡುಕಲು ಯಂತ್ರಕ್ಕೆ ಹೇಳಿದ. ಯಂತ್ರ ಸಾವಿರದ ಒಂಬೈನೂರು ಕಂತು ಜಾಲಾಡಿತು. ಊಟಕ್ಕೆ ಕೂರುವ ದೃಶ್ಯ ಮುನ್ನೂರ ಹನ್ನೆರಡು. ಮುಗಿಸಿ ಎದ್ದದ್ದು ಒಂದೂ ಇರಲಿಲ್ಲ.

“ಒಂದೂ ಇಲ್ವಾ?”

“ನೀವೇ ನೋಡಿ ಅಕ್ಕ. ಇಲ್ಲಿ ಫೋನ್ ಬಂತು, ಕಟ್. ಇಲ್ಲಿ ಹಿರಿ ಸೊಸೆ ತಟ್ಟೆ ಎಸೆದ್ಲು, ಕಟ್. ಇಲ್ಲಿ ಸತ್ತೋನು ಬಾಗಿಲಿಗೆ ಬಂದ. ಇಷ್ಟು ಕಂತಲ್ಲಿ ಈ ಮನೇಲಿ ಒಬ್ರೂ ಹೊಟ್ಟೆ ತುಂಬ ಉಂಡಿಲ್ಲ.”

ಇಬ್ಬರೂ ನಕ್ಕರು. ನಗು ಬೇಗ ನಿಂತುಹೋಯಿತು. ತುಟಿ ಆಡಿಸಲು ಬರುವ ಯಂತ್ರಕ್ಕೆ ಕೂತವರನ್ನು ಎಬ್ಬಿಸಲು ಬರುತ್ತಿರಲಿಲ್ಲ. ಉಣ್ಣುವವರ ಸಾಲನ್ನೇ ತೆಗೆದುಹಾಕೋಣವೆಂದರೆ, ಯಂತ್ರ ತಾನಾಗಿ ದೃಶ್ಯ ಹಿಗ್ಗಿಸಬಹುದಿತ್ತೇ ಹೊರತು, ಒಂದು ಮನೆಗೆ ಮಾತ್ರ ತೆಗೆಯಲು ಮೇಲಿನವರ ಒಪ್ಪಿಗೆ ಬೇಕು. ಅದಕ್ಕೂ ಅರ್ಜಿ.

ಹನುಮಕ್ಕ ತನ್ನ ಜಾಗಕ್ಕೆ ಬಂದಳು. ಸಂಜೆಯ ಮಾತುಗಳು ಸಾಲಾಗಿ ಮುಂದೆ ನಿಂತಿದ್ದವು. ನೂರ ಹದಿನೇಳರ ಸಾಲು ಬಂದಾಗ ಸುತ್ತ ನೋಡಲಿಲ್ಲ. ‘ಎಲ್ಲಾರೂ ಕೂತಿದೀವಿ’ ಎನ್ನುವುದನ್ನು ಅಳಿಸಿದಳು. ರಾತ್ರಿ ಶಾಲೆಯ ಸ್ಲೇಟಿನ ಮೇಲೆ ಬರೆಯುತ್ತಿದ್ದಂತೆ ಒಂದೊಂದೇ ಅಕ್ಷರ ಒತ್ತಿದಳು: “ನಮ್ದೆಲ್ಲ ಆಯ್ತು. ನೀನೂ ಕೂತ್ಕೊಂಡು ಉಣ್ಣು, ನನ್ನವ್ವ.” ‘ಸರಿ ಇದೆ’ ಎಂದು ದಾಟಿಸಿದಳು.

ಶುಕ್ರವಾರ ಬೆಳಗ್ಗೆ ಗೆರೆಯಲ್ಲಿ ಎಲ್ಲವೂ ಇತ್ತು. ಹೆಜ್ಜೆ, ಮುಚ್ಚಳ, ತಟ್ಟೆ. ತಟ್ಟೆಯ ಸದ್ದು ಬಹಳ ಹೊತ್ತು ಇತ್ತು. ಕಡೆಗೆ ನೀರು. ಅದಾದ ಮೇಲೆ ಯಾವತ್ತೂ ಇಲ್ಲದ ಒಂದು ಗುರುತು: ಆ ಮನೆಯಾಕೆ ಟೀವಿಯ ಕಡೆ ತಿರುಗಿ ಏನೋ ಮಾತಾಡಿದ್ದಳು. ಏನೆಂದು ಡಬ್ಬಿ ಕೇಂದ್ರಕ್ಕೆ ಹೇಳುವುದಿಲ್ಲ.

ಗೆರೆಯ ತುದಿಯಲ್ಲಿ ಕೆಂಪು ಚುಕ್ಕೆಯೂ ಇತ್ತು. ಆದೇಶ ಮೀರಿದ ವಾಕ್ಯಗಳನ್ನು ಹಿಡಿಯಲು ಮೇಲೊಂದು ಯಂತ್ರ ಇಟ್ಟಿದ್ದರು.

ಹತ್ತು ಗಂಟೆಗೆ ಫಯಾಜ್ ಕುರ್ಚಿ ಎಳೆದುಕೊಂಡು ಪಕ್ಕ ಕೂತ. ಅವನು ಕೂತು ಮಾತಾಡಿದ್ದು ಅದೇ ಮೊದಲು.

“ಸರ್ಕಲ್ ಹತ್ರ ನಿಂತ ತಾತ ಮರೆತುಹೋದ್ರಾ ಅಕ್ಕ?”

“ಮರೆತಿಲ್ಲ ಸಾರ್.”

“ಮತ್ತೆ?”

“ಆಯಪ್ಪ ಹೇಳಿದ್ದು ಕೇಳಿ ಸತ್ತ. ಈಯಮ್ಮ ಹೇಳೋರಿಲ್ದೆ ಸಾಯ್ತಾಳೆ. ಎರಡಕ್ಕೂ ಒಂದೇ ಕಾನೂನು ಮಾಡಿದ್ರೆ ಹೆಂಗೆ?”

ಫಯಾಜ್ ಕೀಲಿಮಣೆಯ ಧೂಳು ಒರೆಸಿದ. “ಸೋಮವಾರದಿಂದ ನೀವು ಮತ್ತೆ ಕ್ಯಾಂಟೀನ್‌ಗೆ. ನನ್ನ ಕೈಯಲ್ಲಿ ಅಷ್ಟೇ ಆಗಿದ್ದು. ಮನೆಗೇ ಕಳಿಸಿ ಅಂದಿದ್ರು.” ಜೇಬಿನಿಂದ ಒಂದು ಚೀಟಿ ತೆಗೆದ. “ಇನ್ನೊಂದು. ಆದೇಶಕ್ಕೆ ಹೊಂದದ ಮನೆಯಿಂದ ಡಬ್ಬಿ ವಾಪಸ್ ತರ್ಬೇಕಂತೆ. ವಾಪಸ್ ತರೋಕೆ ಆದ್ರೆ ವಿಳಾಸ ಒಂದೇ ದಿನಕ್ಕೆ ಬಿಡಿಸ್ತಾರೆ ನೋಡಿ. ಯಾರಾದ್ರೂ ಹೋಗ್ಬೇಕು.”

ಚೀಟಿಯಲ್ಲಿ ಹೆಸರಿತ್ತು: ದ್ರಾಕ್ಷಾಯಣಮ್ಮ. ಚಳ್ಳಕೆರೆ, ಹಳೇ ಎಣ್ಣೆ ಮಿಲ್ಲಿನ ಹಿಂದೆ.

ಶನಿವಾರ ಅವಳು ಬಸ್ಸು ಹತ್ತಿದಳು. ಶಿರಾ, ಹಿರಿಯೂರು ದಾಟಿ, ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ನೋಡುತ್ತ ಕೂತಳು. ಗಾಳಿಗಿರಣಿಗಳು ನಿಧಾನ ತಿರುಗುತ್ತಿದ್ದವು. ಬ್ಯಾಗಿನಲ್ಲಿ ಒಂದು ಸ್ಕ್ರೂಡ್ರೈವರು ಇತ್ತು. ನಿನ್ನೆ ಸಂಜೆ ದೊಡ್ಡವ್ವ ನೂರ ಹದಿನೇಳಕ್ಕೆ ಮತ್ತೆ ‘ಎಲ್ಲಾರೂ ಕೂತಿದೀವಿ’ ಎಂದೇ ಹೇಳಿದ್ದಳು. ಇವತ್ತು ತಾನು ಡಬ್ಬಿಯನ್ನೂ ಕಿತ್ತು ತರಬೇಕು. ಹೇಳುವ ಒಂದು ಬಾಯಿತ್ತು, ಅದನ್ನೂ ತೆಗೆದುಕೊಂಡು ಹೋಗಲು ಹೊರಟಿದ್ದೇನೆ ಎನ್ನಿಸಿ ಎರಡು ಸಲ ಇಳಿದುಬಿಡೋಣ ಎಂದುಕೊಂಡಳು. ಇಳಿಯಲಿಲ್ಲ.

ಮಿಲ್ಲು ಮುಚ್ಚಿ ವರ್ಷಗಳಾಗಿತ್ತು. ಆದರೂ ಆ ಓಣಿಗೆ ಕಡಲೆಕಾಯಿ ಹಿಂಡಿಯ ವಾಸನೆ ಅಂಟಿಕೊಂಡೇ ಇತ್ತು. ಕಡೆಯ ಬಾಗಿಲು ತಟ್ಟಿದಾಗ ಒಳಗೆ ಕಾಲೆಳೆಯುವ ಹೆಜ್ಜೆ ಕೇಳಿತು. ಎರಡು ವರ್ಷ ಗೆರೆಯ ಮೇಲೆ ನೋಡಿದ್ದ ಹೆಜ್ಜೆ.

ಬಾಗಿಲು ತೆಗೆದವಳು ಎಪ್ಪತ್ತೈದರ ಆಸುಪಾಸಿನ ಹೆಂಗಸು. ತಲೆ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ, ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ.

“ಯಾರವ್ವ ನೀನು?”

“ಟೀವಿ ಡಬ್ಬಿಯೋರು ಕಳಿಸವ್ರೆ ಕಣಮ್ಮ. ತುಮಕೂರಿಂದ.”

“ತುಮಕೂರಿಂದ ಈ ಬಿಸಿಲಾಗ ಬಂದಿಯಾ? ಒಳಗ ಬಾ. ಚಪ್ಪಲಿ ಅಲ್ಲೇ ಬಿಡು, ನಾಯಿ ಒಯ್ಯಂಗಿಲ್ಲ.”

ಎರಡು ಕೋಣೆಯ ಮನೆ. ಗೋಡೆಯ ಗೂಡಿನಲ್ಲಿ ಹಿತ್ತಾಳೆ ತಟ್ಟೆಗಳು ಒಂದರ ಮೇಲೊಂದು, ಇಪ್ಪತ್ತೈದಾದರೂ ಇದ್ದವು, ಎಲ್ಲವೂ ಹುಣಸೆಹಣ್ಣು ಹಚ್ಚಿ ಬೆಳಗಿದ್ದವು. ಹನುಮಕ್ಕ ಬಂದ ಕೆಲಸ ಹೇಳಿದಳು. ಹೇಳುವಾಗ ನೆಲ ನೋಡುತ್ತಿದ್ದಳು.

“ಒಯ್ಯಿ ತಾಯಿ,” ಎಂದಳು ದ್ರಾಕ್ಷಾಯಣಮ್ಮ. “ಈಗೀಗ ಅವ್ರೂ ಕೆಟ್ಟಾರ. ಮೊದ್ಲು ಆಯವ್ವ ಚೆನ್ನಾಗಿ ಮಾತಾಡ್ಸೋಳು. ಈಗ ಬರೇ ತಿನ್ನೋದು. ಅರ್ಧ ತಾಸು ತಿಂತಾರ, ಒಬ್ರೂ ಏಳಂಗಿಲ್ಲ. ಹೊಟ್ಟೆನೋ ಕಾಳು ತುಂಬೋ ಹಗೇವೋ.”

ಹನುಮಕ್ಕನಿಗೆ ನಗು ಬಂತು. “ಅವು ಬರೀ ಚಿತ್ರ ಅಲ್ವೇನಮ್ಮ. ಅವರು ಕೂತಿದ್ರೆ ನಿಮಗೇನು? ನೀವು ಉಣ್ಣಬಾರ್ದಾ?”

“ಚಿತ್ರ ಅಂತ ನಂಗೂ ಗೊತ್ತವ್ವ. ನಾನೇನು ಹುಚ್ಚಿನಾ?” ಗೂಡಿನ ತಟ್ಟೆಗಳ ಕಡೆ ಕೈ ತೋರಿಸಿದಳು. “ಮಿಲ್ಲಿನ ಮನ್ಯಾಗ ಇಪ್ಪತ್ತಾರು ಮಂದಿ. ಐವತ್ತು ವರ್ಷ ನಾನು ಕಡೀಗೆ ಉಂಡಿದ್ದು. ಎಲ್ಲಾರ್ದೂ ಆದ್ಮೇಲೆ ನಮ್ಮತ್ತಿ ‘ದ್ರಾಕ್ಷಿ, ನೀನೂ ಉಣ್ಣು’ ಅಂತಿದ್ಲು. ಅವ್ಳು ಹೋದ್ಮೇಲೆ ದೊಡ್ಡ ನೆಗೇಣಿ, ಹಿರಿ ಸೊಸಿ, ಅಂತಿದ್ಲು. ಅವ್ಳೂ ಹೋದ್ಲು. ಎಲ್ಲಾರೂ ಹೋದ್ರು. ಆಮ್ಯಾಲೆ ಇದು ಅಂತಿತ್ತು.” ಡಬ್ಬಿಯನ್ನು ನೋಡಿದಳು. “ಚಿತ್ರ ಅಂತ ತಲಿಗೆ ಗೊತ್ತಾಗ್ತತಿ. ಎದುರಿಗೆ ಮಂದಿ ಉಣ್ಣಾಕ ಕುಂತಾಗ ಕೈ ತಟ್ಟಿಗೆ ಹೋಗಂಗಿಲ್ಲ. ಏನ್ ಮಾಡ್ಲಿ?”

“ಗುರುವಾರ ಉಂಡ್ರಲ್ಲ.”

ದ್ರಾಕ್ಷಾಯಣಮ್ಮ ತಿರುಗಿ ನೋಡಿದಳು. “ನಿಂಗ್ಹೆಂಗ ಗೊತ್ತು?”

ಹನುಮಕ್ಕ ಬ್ಯಾಗಿನಿಂದ ಸ್ಕ್ರೂಡ್ರೈವರು ತೆಗೆದು ಡಬ್ಬಿಯ ನಾಲ್ಕು ತಿರುಪು ಬಿಚ್ಚಿದಳು. ತಂತಿ ಕಳಚಿದಾಗ ಹಸಿರು ದೀಪ ಆರಿತು. ಅಷ್ಟೆ, ಕೆಲಸ ಮುಗಿಯಿತು. ಇನ್ನು ಈಕೆಗೆ ಒಂದು ಮಾತು ಹೇಳಿ ಹೊರಡಬೇಕು. ಒಂದೇ ಮಾತು, ಎರಡಕ್ಷರದ ಮಾತು. ಮೂರು ವರ್ಷದಲ್ಲಿ ಸಾವಿರಾರು ಸಲ ಬರೆದು ಕಳಿಸಿದ್ದು, ಈ ವಾರವೆಲ್ಲ ಹೆರೆದು ಹಾಕಿದ್ದು. ಬಾಯಿ ತೆರೆದಳು, ಆಗಲಿಲ್ಲ. ಬಂದ ಮನೆಯಲ್ಲಿ, ತನಗಿಂತ ಹಿರಿಯಳಾದ ಮನೆಯೊಡತಿಗೆ, ಹೊಸಿಲು ದಾಟಿ ಬಂದವಳು ಹೇಗೆ ಉಣ್ಣು ಎಂದಾಳು?

ಅಷ್ಟರಲ್ಲಿ ದ್ರಾಕ್ಷಾಯಣಮ್ಮ ಅಡುಗೆಮನೆಗೆ ಹೋಗಿಯಾಗಿತ್ತು. ಗೂಡಿನಿಂದ ಒಂದು ತಟ್ಟೆ ಇಳಿಸಿ, ಸೆರಗಿನಿಂದ ಒರೆಸಿ, ನೆಲದ ಮೇಲಿಟ್ಟಳು.

“ಕೈಕಾಲು ತೊಳ್ಕಾ. ಅಲ್ಲಿ ಕುಂದ್ರು, ಗೋಡಿಗೆ ಒರಗು. ಹಸಿದು ಬಂದೀಯ, ಮುಖದಾಗೇ ಕಾಣ್ತತಿ. ಉಣ್ಣು.”

ಹನುಮಕ್ಕ ಕೂತಳು. ರೊಟ್ಟಿ ಬಂತು, ಪುಂಡಿಪಲ್ಯ ಬಂತು, ಅದರ ಮೇಲೆ ಎಣ್ಣೆ. “ಇನ್ನೊಂದ್ ಹಾಕ್ಕಾ. ನಾಚ್ಕಾಬ್ಯಾಡ. ನೀರು ಕುಡಿ ನಡುನಡುವ.” ತಟ್ಟೆಯ ಮುಂದೆ ಕೂತು ಉಣ್ಣುವುದು ಮರೆತೇ ಬಿಟ್ಟಿದ್ದವಳು ಮೊದಲೆರಡು ತುತ್ತನ್ನು ನಿಧಾನ ಅಗಿದಳು. ಕಣ್ಣು ತುಂಬಿದ್ದಕ್ಕೆ ಖಾರ ಎಂದು ನೆಪ ಹೇಳಿದಳು. ದ್ರಾಕ್ಷಾಯಣಮ್ಮ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಗಲ್ಲಕ್ಕೆ ಕೈ ಕೊಟ್ಟು, ತಟ್ಟೆಯನ್ನೇ ನೋಡುತ್ತಿದ್ದಳು. ಆ ನೋಟ ಹನುಮಕ್ಕನಿಗೆ ಗೊತ್ತಿತ್ತು. ಛತ್ರದ ಬಾಗಿಲಲ್ಲಿ ಹತ್ತು ವರ್ಷ ಅವಳೂ ಹಾಗೇ ನೋಡಿದ್ದಳು.

ಎರಡನೇ ರೊಟ್ಟಿಯ ಕಡೆಯ ಚೂರನ್ನು ಬಾಯಿಗಿಟ್ಟು ಅವಳು ತಟ್ಟೆ ಬಳಿದಳು. “ಹೊಟ್ಟೆ ತುಂಬ್ತು ಕಣಮ್ಮ. ನಂದಾಯ್ತು,” ಎಂದು ನೆಲಕ್ಕೆ ಕೈಯೂರಿ ಎದ್ದಳು.

“ಬಸ್ಸು ಎಷ್ಟು ಗಂಟಿಗೆ?” ಎಂದಳು ದ್ರಾಕ್ಷಾಯಣಮ್ಮ.

“ನಾಲ್ಕೂವರೆಗೆ ಒಂದೈತೆ.”

“ನಾಳೆ ಬರ್ತಿಯೇನು?”

ಹನುಮಕ್ಕ ಎಂಜಲು ಕೈ ಹಿಡಿದು ನಿಂತಳು. ‘ಬರ್ತೀನಿ’ ಅನ್ನುವುದು ಸುಲಭವಿತ್ತು. ಒಗೆದ ಪಂಚೆಯ ಮುದುಕ ಮಳೆಯಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿತು. ನಾಳೆಯನ್ನು ಅವಳು ಯಾರಿಗೂ ಬರೆದುಕೊಡಲಾರಳು. ಸೋಮವಾರ ಕ್ಯಾಂಟೀನಿತ್ತು, ನಡುವೆ ಮೂರು ತಾಸಿನ ದಾರಿ ಇತ್ತು, ಇಬ್ಬರಿಗೂ ವಯಸ್ಸಾಗಿತ್ತು.

“ನಾಳೇದು ನಂಗೊತ್ತಿಲ್ಲ ಕಣಮ್ಮ. ಇವತ್ತು ಇರ್ತೀನಿ,” ಎಂದಳು.

ಬಚ್ಚಲಿಗೆ ಹೋಗಿ ಕೈ ತೊಳೆಯಲು ಚೆಂಬು ಬಗ್ಗಿಸಿದಳು. ಹಿಂದಿನಿಂದ ಕಾಲೆಳೆಯುವ ಹೆಜ್ಜೆ ಕೇಳಿತು. ಗೂಡಿನಿಂದ ಇನ್ನೊಂದು ತಟ್ಟೆ ಇಳಿದ ಸದ್ದು. ಮುಚ್ಚಳ. ಆಮೇಲೆ, ನಿಧಾನವಾಗಿ, ರೊಟ್ಟಿ ಮುರಿದ ಸದ್ದು. ಡಬ್ಬಿ ಬ್ಯಾಗಿನಲ್ಲಿ ಸುಮ್ಮನೆ ಮಲಗಿತ್ತು, ತುಮಕೂರಿನ ಗೆರೆಯಲ್ಲಿ ಈ ಮಧ್ಯಾಹ್ನ ಎಂದೆಂದಿಗೂ ಖಾಲಿ ಇರುತ್ತದೆ. ಹನುಮಕ್ಕ ತಿರುಗಿ ನೋಡಲಿಲ್ಲ. ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳದೆ, ಬಚ್ಚಲ ಗೋಡೆಗೆ ಮುಖ ಮಾಡಿ, ಆಕೆ ಉಂಡು ಮುಗಿಸುವವರೆಗೂ ಕೇಳುತ್ತ ನಿಂತಳು.